ಬಸುರಿ ಮೂಗು

ಸೊಸೆಗೆ ವಾಕರಿಕೆ ಶುರುವಾದ ಮೇಲೆ ಆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಕೆಲಸ ಬಿದ್ದದ್ದು ಅವಳ ಮೂಗಿಗೆ.

ಬೆಳಿಗ್ಗೆ ಅವಳು ಎದ್ದು ಮುಖ ತೊಳೆಯುವಷ್ಟರಲ್ಲಿ ಅತ್ತೆ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದರು. ಬುಟ್ಟಿಯೊಳಗೆ ಇನ್ನೂ ಮಣ್ಣು ಒದರದ ಸೊಪ್ಪು. ಬಸ್ ಡಿಪೋ ಗೋಡೆಯ ಬುಡದ ಗೋಣಿಸೊಪ್ಪು, ಬೀಗ ಹಾಕಿದ ಮನೆಯ ತೋಟದ ಕೀರೆ, ಶಾಲೆಯ ಮೈದಾನದ ಅಂಚಿನ ಗಣಿಕೆ. ಯಾರೂ ಬಿತ್ತದ್ದು, ಯಾರೂ ನೀರು ಹಾಕದ್ದು. ಊರೆಲ್ಲ ಕಳೆ ಎಂದು ತುಳಿದು ಹೋಗುವುದನ್ನು ಅತ್ತೆ ಬಗ್ಗಿ ಬಗ್ಗಿ ಆರಿಸಿ ತರುತ್ತಿದ್ದರು. ಅದರಲ್ಲೊಂದು ಎಲೆ ಕಿತ್ತು, ಬೆರಳ ನಡುವೆ ಹೊಸಕಿ, ಸೊಸೆಯ ಮೂಗಿನ ಕೆಳಗೆ ಹಿಡಿಯುತ್ತಿದ್ದರು.

"ನೋಡೇ, ಸರಿ ಇದೆಯಾ?"

"ಸರಿ ಇದೆ ಅತ್ತೆ."

"ಇದು?"

"ಅದೂ ಸರಿ ಇದೆ."

"ಬಸುರಿ ಮೂಗು ನಾಯಿ ಮೂಗಿಗಿಂತ ಚುರುಕು ಕಣೇ," ಎಂದು ಅತ್ತೆ ಸಂತೋಷದಿಂದ ಅಡುಗೆಮನೆಗೆ ಹೋಗುತ್ತಿದ್ದರು.

"ಇದು ಹೊಗಳಿದ್ದೋ ಬೈದದ್ದೋ?" ಎಂದು ಮಾವ ಕುರ್ಚಿಯಿಂದಲೇ ಕೂಗುತ್ತಿದ್ದರು. "ಪಾಪ, ಹುಡುಗಿ ಈಗ ಬಾಲ ಅಲ್ಲಾಡಿಸ್ಬೇಕಾ?"

ಮಾವ ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ತುಂಬಿದ ಬಸ್ಸಿನಲ್ಲಿ ಕೂಗಿ ಕೂಗಿ ಅಭ್ಯಾಸವಾದ ಗಂಟಲು. ಎರಡು ಕೋಣೆಯ ಮನೆಯಲ್ಲೂ ಅದೇ ದನಿ. ಹೆಂಡತಿ ತಂದ ಸೊಪ್ಪೆಂದರೆ ಅವರಿಗೆ ಪ್ರಾಣ. ಗಣಿಕೆ ಸೊಪ್ಪು ಬೇಯಿಸಿ ಬೆಳ್ಳುಳ್ಳಿ ಹಾಕಿ ಬಾಡಿಸಿಕೊಟ್ಟರೆ ಬೇರೇನೂ ಕೇಳುತ್ತಿರಲಿಲ್ಲ.

ಅತ್ತೆಗೆ ಚಿಕ್ಕಂದಿನಿಂದಲೂ ಕಣ್ಣು ಅಷ್ಟಕ್ಕಷ್ಟೆ. ಅವರು ಸೊಪ್ಪು ಆರಿಸುವುದೆಲ್ಲ ಮೂಗಿನಿಂದ. ಸೊಸೆ ಹೊಸದಾಗಿ ಮನೆಗೆ ಬಂದಾಗ ಒಂದು ದಿನ ಡಿಪೋದ ಹಿಂದೆ ಕರೆದುಕೊಂಡು ಹೋಗಿ ಎರಡು ಗಿಡ ತೋರಿಸಿದ್ದರು. ಒಂದು ಗಣಿಕೆ. ಇನ್ನೊಂದು ಉಮ್ಮತ್ತಿ.

"ಎಳೇದ್ರಲ್ಲಿ ಎರಡೂ ಅಕ್ಕತಂಗಿ ಇದ್ದ ಹಾಗೆ. ಹೂವು, ಮುಳ್ಳುಕಾಯಿ ಬಿಟ್ಟ ಮೇಲೆ ಕುರುಡನಿಗೂ ಗೊತ್ತಾಗುತ್ತೆ, ಆದ್ರೆ ನಾವು ಕೀಳೋದು ಎಳೇದನ್ನೇ. ಒಂದು ಹೊಟ್ಟೆ ತುಂಬಿಸುತ್ತೆ, ಇನ್ನೊಂದು ಹುಚ್ಚು ಹಿಡಿಸುತ್ತೆ. ಕಣ್ಣು ಮೋಸ ಹೋಗುತ್ತೆ, ಮೂಗು ಹೋಗಲ್ಲ. ಹೊಸಕಿ ಮೂಸು. ಉಮ್ಮತ್ತಿ ಆದ್ರೆ ಗಬ್ಬು ನಾರುತ್ತೆ."

ಅಂಥ ಮೂಗಿನವರು ಈಗ ತನ್ನನ್ನೇಕೆ ಮೂಸಲು ಹೇಳುತ್ತಾರೆ ಎಂಬುದು ಸೊಸೆಗೆ ಬಗೆಹರಿಯಲಿಲ್ಲ. ಚಳಿಗಾಲದಲ್ಲಿ ಮನೆಮಂದಿಯೆಲ್ಲ ಒಬ್ಬರಾದ ಮೇಲೆ ಒಬ್ಬರು ಜ್ವರದಲ್ಲಿ ಮಲಗಿ ಎದ್ದಿದ್ದರು. ಅತ್ತೆ ಎಲ್ಲರಿಗಿಂತ ತಡವಾಗಿ ಎದ್ದರು. ಅದಾದ ಮೇಲೆ, ಸೊಸೆ ಬಸುರಿ ಎಂದು ತಿಳಿದದ್ದೇ ತಡ, ಈ ಪರೀಕ್ಷೆ ಶುರುವಾಗಿತ್ತು. ಬಸುರಿ ಹೆಂಗಸಿಗೆ ಸೊಪ್ಪಿನ ಹಸಿ ವಾಸನೆ ಬಡಿದರೆ ಹೊಟ್ಟೆ ತೊಳಸುತ್ತದೆ ಎಂದು ಅತ್ತೆಗೆ ಗೊತ್ತಿಲ್ಲವೇ? ಗೊತ್ತಿದ್ದೂ ಹಿಡಿಯುತ್ತಾರೆ ಎಂದರೆ ಅದು ಕಾಟವೇ ಸೈ.

ಗಂಡನ ಬಳಿ ಹೇಳಿಕೊಂಡಳು. ಅವನು ಲಿಫ್ಟ್ ರಿಪೇರಿ ಮಾಡುವವನು. ಕೈಯಲ್ಲಿ ಗ್ರೀಸ್, ಮಾತಿನಲ್ಲಿ ಅವಸರ.

"ಒಂದ್ಸಲ ಮೂಸ್ಬಿಟ್ರೆ ಏನು ಗಂಟು ಹೋಗುತ್ತೆ? ಅಮ್ಮ ಪ್ರೀತಿಯಿಂದ ಕೇಳ್ತಾಳೆ."

"ವಾಂತಿ ಮಾಡೋಳು ನಾನು. ನೀವೇ ಒಂದು ಮಾತು ಹೇಳ್ಬಾರ್ದಾ?"

"ನಿಮ್ಮಿಬ್ಬರ ಮಧ್ಯೆ ಮೇಲಕ್ಕೂ ಕೆಳಕ್ಕೂ ಓಡಾಡೋಕೆ ನಾನೇನು ಲಿಫ್ಟಾ?"

ಅವಳು ಬಾಯಿಸತ್ತ ಹುಡುಗಿ. ಟೈಲರ್ ಅಂಗಡಿಯಿಂದ ರವಿಕೆ, ಅಂಗಿ ತಂದು ಮನೆಯಲ್ಲಿ ಗುಂಡಿ, ಹುಕ್ಕು ಹೊಲಿಯುತ್ತ ಮೂಲೆಯಲ್ಲಿ ಕೂರುವವಳು. ಬೇಡ ಎನ್ನುವುದಕ್ಕಿಂತ ಹೂಂ ಎನ್ನುವುದು ಅವಳಿಗೆ ಸುಲಭ. ಹಾಗಾಗಿ ಒಂದು ಉಪಾಯ ಕಂಡುಕೊಂಡಳು. ಎಲೆ ಮೂಗಿನ ಹತ್ತಿರ ಬರುತ್ತಲೇ ಉಸಿರು ಬಿಗಿಹಿಡಿಯುವುದು. "ಸರಿ ಇದೆ ಅತ್ತೆ" ಎನ್ನುವುದು. ಅತ್ತೆ ಬೆನ್ನು ತಿರುಗಿಸಿದ ಮೇಲೆ ಉಸಿರು ಬಿಡುವುದು. ಮೊದಲ ದಿನ ಸ್ವಲ್ಪ ಅಳುಕಾಯಿತು. ಮಾವ ಉಂಡು ತೇಗಿ ನಿದ್ದೆ ಹೋದದ್ದು ನೋಡಿ ಅಳುಕು ಹೋಯಿತು. ಇಷ್ಟು ವರ್ಷ ಸೊಪ್ಪು ಕಿತ್ತ ಕೈ ತಪ್ಪುತ್ತದೆಯೇ? ತನ್ನ ಮೂಗು ಬರೀ ನೆಪ.

ಮನೆಯಲ್ಲಿ ಆ ಸೊಪ್ಪಿನ ಮೇಲೆ ಸಿಟ್ಟಿದ್ದವಳು ನಾದಿನಿ. ಬೇಕರಿಯ ಗಲ್ಲಾದಲ್ಲಿ ಕೂರುವವಳು, ಮಾತನ್ನು ಕತ್ತರಿಸಿದ ಹಾಗೆ ಆಡುತ್ತಾಳೆಂದು ಮನೆಯಲ್ಲಿ ಅವಳಿಗೆ ಕತ್ತರಿ ಎಂದೇ ಹೆಸರು.

"ಅಮ್ಮ, ನಿನ್ನೆ ಸಿಗ್ನಲ್ ಹತ್ರ ಡಿವೈಡರ್ ಮೇಲೆ ಕೂತಿದ್ಯಂತೆ?"

"ಕೂತಿರ್ಲಿಲ್ಲ, ಬಗ್ಗಿದ್ದೆ."

"ನಮ್ಮ ಓನರ್ ಹೆಂಡ್ತಿ ಕಾರಿಂದ ನೋಡಿದ್ಲು. ನಿಮ್ಮ ತಾಯಿ ಏನೋ ಕಳ್ಕೊಂಡು ಹುಡುಕ್ತಿದ್ರಲ್ಲ ಅಂತ ಎಲ್ಲರ ಎದುರು ಕೇಳಿದ್ಲು."

"ಮಗಳ ಮರ್ಯಾದೆ ಕಳೆದುಹೋಗಿದೆಯಂತೆ, ಸಿಕ್ಕಿದ್ರೆ ತಂದ್ಕೊಡಿ ಅನ್ಬೇಕಿತ್ತು ನೀನು," ಎಂದರು ಅತ್ತೆ.

ಮಾವ ಹೊಟ್ಟೆ ಹಿಡಿದು ನಕ್ಕರು. ಕತ್ತರಿ ನಗಲಿಲ್ಲ. "ನಗಿ ಅಪ್ಪ, ನಗಿ. ಒಂದಿನ ಇವಳು ಏನೋ ತಂದು ಹಾಕ್ತಾಳೆ, ಆಗ ಗೊತ್ತಾಗುತ್ತೆ."

"ನಿನ್ನ ಬಾಯಿಗೆ ಮಣ್ಣು ಹಾಕ," ಎಂದರು ಅತ್ತೆ, ಒಗ್ಗರಣೆ ಸೌಟು ಎತ್ತಿ.

ಆ ವಾರಗಳಲ್ಲಿ ಸೊಸೆ ಇನ್ನೊಂದು ಸಂಗತಿ ನೋಡುತ್ತಿದ್ದಳು. ಒಲೆಯ ಮುಂದೆ ನಿಂತೇ ಅತ್ತೆ ಹಾಲು ತಳ ಹಿಡಿಸುತ್ತಿದ್ದರು. ಪಕ್ಕದ ಮನೆಯ ಚರಂಡಿ ಒಡೆದ ದಿನ ಬೀದಿಯವರೆಲ್ಲ ಮೂಗಿಗೆ ಬಟ್ಟೆ ಹಿಡಿದು ಓಡಾಡುತ್ತಿದ್ದರೆ, ಅತ್ತೆ ಮೆಟ್ಟಿಲ ಮೇಲೆ ಕೂತು ನಿಶ್ಚಿಂತೆಯಾಗಿ ಚಹಾ ಕುಡಿಯುತ್ತಿದ್ದರು. ಎಂಥ ಗಟ್ಟಿ ಜೀವ ಎಂದುಕೊಂಡಳೇ ಹೊರತು ಅವಳ ಯೋಚನೆ ಅದಕ್ಕಿಂತ ಮುಂದೆ ಹೋಗಲಿಲ್ಲ.

ಅಷ್ಟರಲ್ಲಿ ಡಿಪೋದವರು ಗೋಡೆಯ ಸುತ್ತ ಸಿಮೆಂಟ್ ಹಾಕಿಸಿದರು. ಶಾಲೆಯ ಮೈದಾನಕ್ಕೆ ಬೇಲಿ ಬಂತು. ಅತ್ತೆ ಹೊಸ ಜಾಗ ಹುಡುಕಿಕೊಂಡರು: ಕಟ್ಟಡದವರು ಮಣ್ಣು ತಂದು ಸುರಿದ ಖಾಲಿ ಸೈಟು. ಮಳೆ ಬಿದ್ದು ಆ ಮಣ್ಣಿನ ಗುಡ್ಡೆಗಳ ತುಂಬ ಎಳೆ ಸೊಪ್ಪು ಎದ್ದಿತ್ತು. ಒಂದು ರಜೆಯ ದಿನ ಅತ್ತೆ ಬುಟ್ಟಿ ತುಂಬಿಸಿಕೊಂಡು, ಗೆದ್ದು ಬಂದವರ ಹಾಗೆ ಒಳಗೆ ಬಂದರು.

"ಗಣಿಕೆ ನೋಡೇ, ಬೆಣ್ಣೆ ಹಾಗಿದೆ. ಸರಿ ಇದೆಯಾ?"

ಸೊಸೆ ಉಸಿರು ಹಿಡಿದಳು. ಎಲೆ ಅವಳ ಮೂಗಿಗೆ ತಾಗುವಷ್ಟು ಹತ್ತಿರ ಬಂತು.

"ಸರಿ ಇದೆ ಅತ್ತೆ."

ಮಧ್ಯಾಹ್ನದ ಊಟಕ್ಕೆ ಇದ್ದವರು ಮೂವರೇ. ಗಂಡನಿಗೆ ಯಾವುದೋ ಆಸ್ಪತ್ರೆಯ ಲಿಫ್ಟು ನಿಂತಿದೆಯೆಂದು ಕರೆ ಬಂದಿತ್ತು. ಕತ್ತರಿಗೆ ಬೇಕರಿಯಲ್ಲಿ ರಜೆ ಇರಲಿಲ್ಲ. ಸೊಸೆ ಒಣ ಬ್ರೆಡ್ಡಿಗೆ ಉಪ್ಪು ಉದುರಿಸಿಕೊಂಡು ಕಿಟಕಿಯ ಬಳಿ ಕೂತಳು. ಅತ್ತೆ ಮಾವನಿಗೆ ಅನ್ನ, ಬೆಳ್ಳುಳ್ಳಿಯ ಘಾಟಿನಲ್ಲಿ ಬೇರೆ ವಾಸನೆಯೆಲ್ಲ ಮುಚ್ಚಿಹೋದ ಸೊಪ್ಪು ಬಡಿಸಿದರು.

"ಇವತ್ತು ಸ್ವಲ್ಪ ಕಹಿ ಮುಂದಾಗಿದೆ," ಎಂದರು ಮಾವ.

"ಎಳೇದಲ್ವಾ, ಕಹಿ ಇರುತ್ತೆ. ಮೈಗೆ ಒಳ್ಳೇದು. ಇನ್ನೊಂದು ಸ್ವಲ್ಪ ಹಾಕ್ಲಾ?"

"ಹಾಕು, ಹಾಕು."

ಎರಡನೇ ಸಲ ಬಡಿಸಿದ್ದನ್ನೂ ತಟ್ಟೆ ಒರೆಸಿ ಉಂಡು, ಕುರ್ಚಿಗೆ ಹೋಗಿ ಕೂತು ರೇಡಿಯೋ ಹಾಕಿಕೊಂಡರು. ಅತ್ತೆ ಪಾತ್ರೆ ಎತ್ತಿಟ್ಟು, ಒಲೆ ಒರೆಸಿ, ತಮ್ಮ ತಟ್ಟೆ ಹಾಕಿಕೊಳ್ಳಲು ಬಗ್ಗಿದಾಗ ಹೊರಗಿನಿಂದ ಮಾವನ ದನಿ ಬಂತು.

"ನೀರು."

ಒಂದು ಚೊಂಬು ಕುಡಿದರು. ಮತ್ತೆ ನೀರು ಎಂದರು. ಇನ್ನೊಂದು ಚೊಂಬು. ಮುಖ ಕೆಂಡದ ಹಾಗೆ ಕೆಂಪಾಗಿತ್ತು. "ಯಾಕೆ ದೀಪ ಆರಿಸಿದ್ರಿ?" ಎಂದರು. ಹೊರಗೆ ಸುಡುಬಿಸಿಲು.

"ಮಾವ, ಏನಾಗ್ತಿದೆ?" ಎಂದು ಸೊಸೆ ಹತ್ತಿರ ಹೋದಳು.

ಮಾವ ಎದ್ದು ನಿಂತರು. ಎಡಗೈಯನ್ನು ಮೇಲೆತ್ತಿ, ಕಾಣದ ಕಂಬಿಯೊಂದನ್ನು ಹಿಡಿದುಕೊಂಡರು. ಕಣ್ಣಿನ ಪಾಪೆ ಹಿಗ್ಗಿ ಕಣ್ಣೆಲ್ಲ ಕಪ್ಪೇ ಆಗಿತ್ತು.

"ಮುಂದೆ ಹೋಗಿ, ಮುಂದೆ ಹೋಗಿ. ಹೆಂಗಸರಿಗೆ ಜಾಗ ಬಿಡಿ. ಟಿಕೆಟ್, ಟಿಕೆಟ್!" ಬಲಗೈ ಗಾಳಿಯಲ್ಲಿ ಏನನ್ನೋ ಹರಿಯುತ್ತಿತ್ತು, ಕೊಡುತ್ತಿತ್ತು, ಮತ್ತೆ ಹರಿಯುತ್ತಿತ್ತು. "ನೀನೆಲ್ಲಿಗಮ್ಮ?"

ಸೊಸೆಗೆ ಒಂದು ಕ್ಷಣ ನಗು ಬಂತು. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡಳು. ಆಮೇಲೆ ಮಾವ ಖಾಲಿ ಗೋಡೆಗೆ ಬೈಯತೊಡಗಿದರು, ಗೋಡೆಯ ಕಾಲರ್ ಹಿಡಿಯಲು ಹೋಗಿ ಮುಗ್ಗರಿಸಿ ಬಿದ್ದರು. ಬಿದ್ದಲ್ಲೇ ನೆಲದಿಂದ ಚಿಲ್ಲರೆ ಆರಿಸುವವರ ಹಾಗೆ ಬೆರಳಾಡಿಸುತ್ತಿದ್ದರು.

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಕೈಯಲ್ಲಿ ಖಾಲಿ ತಟ್ಟೆ ಹಿಡಿದು ಕಲ್ಲಾಗಿ ನಿಂತಿದ್ದರು. ಕಿರುಚಿದವಳು ಸೊಸೆ. ಆ ಮನೆಯಲ್ಲಿ ಅವಳ ದನಿ ಅಷ್ಟು ಗಟ್ಟಿಯಾಗಿ ಯಾರೂ ಕೇಳಿರಲಿಲ್ಲ. ಕೆಳಗಿನ ಮನೆಯ ಪೇಂಟರ್ ಮೆಟ್ಟಿಲು ಹಾರಿ ಬಂದು ಮಾವನನ್ನು ಹೆಗಲ ಮೇಲೆ ಹೊತ್ತುಕೊಂಡ.

ಆಸ್ಪತ್ರೆಯಲ್ಲಿ ಮಾವನ ಕೈಗಳನ್ನು ಬಟ್ಟೆಯಿಂದ ಮಂಚಕ್ಕೆ ಕಟ್ಟಿದರು. ಕಟ್ಟಿದ ಮೇಲೂ ಬೆರಳುಗಳು ಟಿಕೆಟ್ ಹರಿಯುತ್ತಲೇ ಇದ್ದವು. ಡಾಕ್ಟರಮ್ಮ ಟಾರ್ಚ್ ಬಿಟ್ಟು ಕಣ್ಣು ನೋಡಿ, ಎದೆಗೆ ವಯರು ಅಂಟಿಸಿ, ಪೇಂಟರ್ ತಂದ ಬಾಣಲೆಯ ಉಳಿಕೆಯನ್ನು ನೋಡಿದರು.

"ಸೊಪ್ಪು ಯಾರು ಕಿತ್ತಿದ್ದು? ಇದ್ರಲ್ಲಿ ಉಮ್ಮತ್ತಿ ಸೇರಿದೆ ಅನ್ಸುತ್ತೆ. ಹೃದಯ ಕುದುರೆ ಹಾಗೆ ಓಡ್ತಿದೆ. ನಾಳೆವರೆಗೂ ನಾನೇನೂ ಹೇಳಲ್ಲ."

ಅಷ್ಟರಲ್ಲಿ ಗಂಡನೂ ಕತ್ತರಿಯೂ ಓಡಿ ಬಂದಿದ್ದರು. ಕತ್ತರಿಯ ತಲೆಯ ಮೇಲೆ ಬೇಕರಿಯ ಟೋಪಿ ಹಾಗೇ ಇತ್ತು.

"ಹೇಳಿದ್ನಾ ಇಲ್ವಾ?" ಎಂದಳು ತಾಯಿಗೆ. "ಬಾಯಿ ನೋವಾಗೋವರೆಗೂ ಹೇಳಿದ್ನಾ ಇಲ್ವಾ?"

"ಅಮ್ಮ, ನೋಡಿ ಕೀಳೋಕೆ ಏನಾಗಿತ್ತು ನಿನಗೆ?" ಎಂದ ಗಂಡ.

ಸೊಸೆ ಗೋಡೆಗೆ ಅಂಟಿ ನಿಂತಿದ್ದಳು. ಈಗ ಅತ್ತೆ ಹೇಳುತ್ತಾರೆ, ಇವಳು ಸರಿ ಇದೆ ಅಂದಳು ಎನ್ನುತ್ತಾರೆ ಎಂದು ಕಾದಳು. ಅವಳ ಬಾಯಿ ಮಾವನ ಬಾಯಿಯಷ್ಟೇ ಒಣಗಿತ್ತು.

"ಕಣ್ಣು ಮಂಜು ಕಣೋ," ಎಂದರು ಅತ್ತೆ. "ತಪ್ಪಾಗ್ಹೋಯ್ತು."

ಅಷ್ಟೇ. ಸೊಸೆಯ ಕಡೆ ತಿರುಗಿ ಕೂಡ ನೋಡಲಿಲ್ಲ.

"ನೀನು ಮನೆಗೆ ಹೋಗು. ನನ್ನ ಕಣ್ಣೆದುರು ಇರ್ಬೇಡ," ಎಂದ ಮಗ. ಹೆಂಡತಿಗೆ, "ನೀನೂ ಹೋಗು. ಉಳಿದ ಸೊಪ್ಪೆಲ್ಲ ಬಿಸಾಕು. ಇವಳ ಕೈಗೆ ಒಂದು ಚಮಚನೂ ಕೊಡ್ಬೇಡ," ಎಂದ.

ಇಬ್ಬರೂ ನಡೆದು ಮನೆಗೆ ಬಂದರು. ಬುಟ್ಟಿಯಲ್ಲಿ ಇನ್ನೂ ಅರ್ಧ ಸೊಪ್ಪು ಇತ್ತು. ಅದನ್ನು ಕವರಿಗೆ ಸುರಿಯುತ್ತಿದ್ದ ಸೊಸೆಯ ಕೈ ನಿಂತಿತು. ಒಂದು ಎಲೆ ತೆಗೆದಳು. ಹೊಸಕಿದಳು. ಮೂಗಿಗೆ ಹಿಡಿದು, ಈ ಸಲ ಉಸಿರೆಳೆದಳು.

ಇಲಿ ಸತ್ತ ಮೂಲೆಯ ಹಾಗೆ ಗಬ್ಬು. ಬಚ್ಚಲಿಗೆ ಓಡಿಹೋಗಿ ಹೊಟ್ಟೆಯಲ್ಲಿದ್ದದ್ದೆಲ್ಲ ಕಕ್ಕಿದಳು. ಒಂದೇ ಒಂದು ಉಸಿರು ಸಾಕಿತ್ತು. ಇದನ್ನು ತಿಳಿಯಲು ಬಸುರಿ ಮೂಗೂ ಬೇಕಿರಲಿಲ್ಲ, ಯಾವ ಮೂಗಾದರೂ ಸಾಕಿತ್ತು.

ಯಾವ ಮೂಗಾದರೂ. ಹಾಗಿದ್ದರೆ ಅತ್ತೆಯ ಮೂಗು?

ಬಾಯಿ ತೊಳೆದು ಬಂದು, ಆ ಎಲೆಯನ್ನೇ ಅತ್ತೆಯ ಮುಂದೆ ಚಾಚಿದಳು.

"ಇದು ಹೇಗಿದೆ ಅತ್ತೆ?"

ಅತ್ತೆ ಎಲೆ ತೆಗೆದುಕೊಂಡು ಮೂಸಿದರು. ಇನ್ನೊಂದು ಎಲೆ ಹೊಸಕಿ ಮೂಸಿದರು. ಆಮೇಲೆ ಹಿಡಿ ತುಂಬ ಸೊಪ್ಪು ಎತ್ತಿ, ಎರಡೂ ಅಂಗೈಯಲ್ಲಿ ಹಿಸುಕಿ, ರಸ ಇಳಿಯುವ ಕೈಗಳನ್ನು ಮುಖಕ್ಕೆ ಒತ್ತಿಕೊಂಡರು. ಮೂಗು, ತುಟಿ, ಕೆನ್ನೆ ಎಲ್ಲ ಹಸಿರಾಯಿತು. ಆ ನಾತಕ್ಕೆ ಸೊಸೆ ಹಿಂದೆ ಸರಿದಳು. ಅತ್ತೆಯ ಮುಖದ ಒಂದು ಗೆರೆಯೂ ಕದಲಲಿಲ್ಲ.

"ಏನೂ ಇಲ್ಲ ಕಣೇ," ಎಂದರು. "ನೀರು ಮೂಸಿದ ಹಾಗಿದೆ. ಆ ಜ್ವರ ಹೋಗ್ವಾಗ ಮೂಗನ್ನೂ ಕಟ್ಕೊಂಡು ಹೋಯ್ತು. ನಾಲಿಗೆನೂ ಹಾಗೇ. ಉಂಡದ್ದು ಅನ್ನವೋ ಮಣ್ಣೋ ಗೊತ್ತಾಗಲ್ಲ."

"ಯಾಕತ್ತೆ ಹೇಳ್ಲಿಲ್ಲ?"

"ಹೇಳಿದ್ರೆ? ಸೌಟು ನಿನ್ನ ಕೈಗೆ ಬರ್ತಿತ್ತು. ನನಗೆ ಮೂಲೇಲಿ ಒಂದು ಚಾಪೆ. ಮೂಗು ಬಿಟ್ರೆ ಈ ಮನೇಲಿ ನನ್ನದು ಅಂತ ಏನಿತ್ತು?"

ತಾನು ಉಸಿರು ಹಿಡಿದಿದ್ದ ಮಾತು ಸೊಸೆಯ ನಾಲಿಗೆ ತುದಿಗೆ ಬಂದಿತ್ತು. ಅತ್ತೆ ಮುಖ ತೊಳೆಯಲು ಎದ್ದು ಹೋದರು. ಮಾತು ಒಳಗೇ ಉಳಿಯಿತು.

ಮಾವ ಬದುಕಿದರು. ಕೆಲವು ದಿನ ಆಸ್ಪತ್ರೆಯಲ್ಲಿದ್ದು, ಇಳಿದುಹೋದ ಮುಖ ಹೊತ್ತು, ಆದರೆ ಹಳೆಯ ದನಿಯಲ್ಲೇ ಮನೆಗೆ ಬಂದರು. "ಇಡೀ ವಾರ್ಡಿಗೆ ಟಿಕೆಟ್ ಕೊಟ್ಟೆನಂತೆ. ಒಬ್ಬನಾದ್ರೂ ಕಾಸು ಕೊಡ್ಬೇಕಲ್ಲ!" ಎಂದು ಬಂದವರಿಗೆಲ್ಲ ಹೇಳಿ ನಗಿಸಿದರು. ಹೆಂಡತಿಯ ಮೇಲೆ ಅವರಿಗೆ ಒಂದಿಷ್ಟೂ ಮುನಿಸಿರಲಿಲ್ಲ. "ಅವಳೇನು ಬೇಕು ಅಂತ ಮಾಡಿದ್ಲಾ? ಕಣ್ಣು ಕಾಣ್ಲಿಲ್ಲ, ಅಷ್ಟೇ. ನನಗೂ ಎಷ್ಟು ಸಲ ಹರಿದ ನೋಟು ದಾಟಿಸಿಲ್ವಾ ಜನ?"

ಆದರೆ ಮಗ, ಮಗಳು ಕರಗಲಿಲ್ಲ. ಅಡುಗೆಮನೆ ಸೊಸೆಯ ಪಾಲಿಗೆ ಬಂತು. ಅತ್ತೆ ಒಳಗೆ ಕಾಲಿಟ್ಟರೆ ಕತ್ತರಿ, "ಅಮ್ಮ, ಹೊರಗೆ," ಎನ್ನುತ್ತಿದ್ದಳು. ಕಿಟಕಿಯ ಬಳಿ ಅವರಿಗೆ ತಟ್ಟೆ ಹೋಗುತ್ತಿತ್ತು, ನೆಂಟರಿಗೆ ಕೊಟ್ಟ ಹಾಗೆ. ಬುಟ್ಟಿಯನ್ನು ಮಗನೇ ಕಸದ ಗಾಡಿಗೆ ಹಾಕಿದ. ಕೊನೆಗೆ ಅಣ್ಣ ತಂಗಿ ಮಾತಾಡಿಕೊಂಡು, ಅಮ್ಮ ಸ್ವಲ್ಪ ಕಾಲ ಬೇರೆ ಊರಿನ ದೊಡ್ಡಮ್ಮನ ಮನೆಯಲ್ಲಿರಲಿ ಎಂದು ನಿಶ್ಚಯಿಸಿದರು.

"ಸ್ವಲ್ಪ ಕಾಲ ಅಂದ್ರೆ?" ಎಂದರು ಮಾವ.

"ಮಗು ಹುಟ್ಟಿ ಸ್ವಲ್ಪ ದೊಡ್ಡದಾಗೋವರೆಗೂ," ಎಂದ ಮಗ. "ಮಗುವಿನ ಬಾಯಿಗೆ ಏನು ಹಾಕ್ತಾಳೋ ಯಾರಿಗೆ ಗೊತ್ತು?"

ಅತ್ತೆ ಸೀರೆ ಮಡಚತೊಡಗಿದರು. ಸೊಸೆ ಕೈಯಲ್ಲಿ ಸೂಜಿ ಹಿಡಿದು ನೋಡುತ್ತ ಕೂತಳು. ಇಷ್ಟು ವಾರದಿಂದ ಅವಳಿಗೆ ಬೇಕಿದ್ದದ್ದು ಇದೇ ತಾನೇ: ಮೂಗಿಗೆ ಸೊಪ್ಪು ಹಿಡಿಯುವವರಿಲ್ಲದ ಮನೆ. ಅದು ಸಿಗುವ ಹೊತ್ತಿಗೆ ಅವಳಿಗೆ ಒಂದು ಹುಕ್ಕು ಕೂಡ ನೆಟ್ಟಗೆ ಹೊಲಿಯಲಾಗಲಿಲ್ಲ.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದರು. ಅನ್ನ, ಬೇಯಿಸಿದ ಆಲೂಗಡ್ಡೆ. ಮಾವ ತುತ್ತು ಕಲಸುತ್ತ, "ಹುಡುಗಿ, ಉಪ್ಪು ತಾರಮ್ಮ," ಎಂದರು.

ಸೊಸೆ ಉಪ್ಪಿನ ಡಬ್ಬಿ ತಂದಳು, ಕೊಡಲಿಲ್ಲ. ಅದನ್ನು ಎದೆಗವಚಿಕೊಂಡು ನಿಂತಳು.

"ನಾನು ಮೂಸ್ಲಿಲ್ಲ," ಎಂದಳು.

"ಏನು?" ಎಂದ ಗಂಡ.

"ಅತ್ತೆಗೆ ವಾಸನೆ ಗೊತ್ತಾಗಲ್ಲ. ಜ್ವರ ಬಂದಾಗಿಂದ ಗೊತ್ತಾಗಲ್ಲ. ಅದಕ್ಕೇ ನನ್ನನ್ನ ಕೇಳ್ತಿದ್ರು. ನಾನು ಉಸಿರು ಹಿಡ್ಕೊಂಡು ಸರಿ ಇದೆ ಅಂತಿದ್ದೆ. ಆವತ್ತೊಂದೇ ದಿನ ಅಲ್ಲ. ದಿನಾ." ಮಾತು ನಿಂತರೆ ಮತ್ತೆ ಬರುವುದಿಲ್ಲವೆಂದು ಹೆದರಿ ಅವಳು ಒಂದೇ ಉಸಿರಿಗೆ ಹೇಳುತ್ತಿದ್ದಳು. "ಅತ್ತೆಯನ್ನ ಕಳಿಸ್ಬೇಡಿ. ನನ್ನ ಮಾತು ನಂಬಿ ಅವರು ಬೇಯಿಸಿದ್ರು. ತಪ್ಪು ನಂದು."

ಗಂಡ ಹೆಂಡತಿಯ ಮುಖವನ್ನು, ಅಲ್ಲಿ ಯಾರೋ ಗುರುತಿಲ್ಲದವಳು ನಿಂತ ಹಾಗೆ ನೋಡುತ್ತಿದ್ದ.

ಕಿಟಕಿಯ ಬಳಿಯಿಂದ ಅತ್ತೆಯ ದನಿ ಬಂತು.

"ಎಲ್ಲಾ ನಿನ್ನ ತಲೆ ಮೇಲೆ ಹಾಕ್ಕೋಬೇಡ ಕಣೇ. ನನಗೆ ಗೊತ್ತಿತ್ತು."

"ಏನು ಗೊತ್ತಿತ್ತು?" ಎಂದಳು ಕತ್ತರಿ.

"ಇವಳು ಮೂಸಲ್ಲ ಅಂತ. ಎಲೆ ಹಿಡಿದಾಗ ಇವಳ ಎದೆ ಏಳ್ತಿರ್ಲಿಲ್ಲ. ಅಷ್ಟು ಹತ್ತಿರದಿಂದ ಅದೂ ಕಾಣ್ದೇ ಇರುತ್ತಾ? ನೆಟ್ಟಗೆ ಮೂಸೇ ಅನ್ನೋಣ ಅಂದ್ರೆ, ನಿಮಗೇನಾಗಿದೆ, ನೀವೇ ಮೂಸಿ ಅತ್ತೆ ಅಂತಾಳೆ. ಆಗ ನನ್ನ ಗುಟ್ಟು ಹೊರಗೆ ಬೀಳುತ್ತೆ. ಸುಮ್ನಾದೆ."

ಸೊಸೆಯ ಕೈಯಿಂದ ಉಪ್ಪಿನ ಡಬ್ಬಿ ಜಾರಿ ನೆಲದ ಮೇಲೆಲ್ಲ ಚೆಲ್ಲಿತು. ಯಾರೂ ಅದರ ಕಡೆ ನೋಡಲಿಲ್ಲ.

"ಅಂದ್ರೆ ಇಷ್ಟು ದಿನ," ಎಂದಳು ಕತ್ತರಿ, ಮೊದಲ ಸಲ ಅವಳ ದನಿಯಲ್ಲಿ ಹರಿತ ಇರಲಿಲ್ಲ, "ನಾವು ಯಾರ ಮೂಗು ನಂಬಿ ಉಂಡ್ವಿ?"

ಮಾವ ಕಲಸಿದ ತುತ್ತನ್ನು ಹಾಗೇ ಬಿಟ್ಟು, ಹೆಂಡತಿಯನ್ನೇ ನೋಡುತ್ತಿದ್ದರು. ನಗಿಸುವ ಮುಖ ಎಲ್ಲಿಗೆ ಹೋಯಿತೋ.

"ನೋಡ್ತಿದ್ದೆ ನೀನು," ಎಂದರು ಮೆಲ್ಲಗೆ. ಅವರು ಮೆಲ್ಲಗೆ ಮಾತಾಡಿದ್ದನ್ನು ಸೊಸೆ ಕೇಳಿದ್ದು ಅದೇ ಮೊದಲು. "ಅವಳು ಮೂಸಲ್ಲ ಅಂತ ನೋಡ್ತಾನೇ ಇದ್ದೆ. ಆಮೇಲೆ ಬಂದು ನನಗೆ ಬಡಿಸ್ದೆ."

"ಕಣ್ಣಲ್ಲಿ ಆರಿಸ್ತಿದ್ದೆ ರೀ. ಎರಡೆರಡು ಸಲ..."

"ನಾನು ಕಹಿ ಅಂದೆ. ಮೈಗೆ ಒಳ್ಳೇದು ಅಂದೆ ನೀನು. ಇನ್ನೊಂದು ಸ್ವಲ್ಪ ಹಾಕ್ಲಾ ಅಂದೆ."

ಅತ್ತೆ ತಲೆ ತಗ್ಗಿಸಿದರು.

ಮಾವ ಮಗನ ಕಡೆ ತಿರುಗಿ, "ನಾಳೆ ಇವಳು ಎಲ್ಲಿಗೂ ಹೋಗಲ್ಲ," ಎಂದರು. ಸೊಸೆಗೆ ಹೋದ ಜೀವ ಬಂದ ಹಾಗಾಯಿತು. ಆದರೆ ಮಾವನ ಮಾತು ಮುಗಿದಿರಲಿಲ್ಲ. "ಇಬ್ಬರೂ ಇಲ್ಲೇ ಇರ್ಲಿ. ಇಬ್ಬರೂ ಅಡುಗೆ ಮಾಡ್ಲಿ. ಆದ್ರೆ ನನಗೆ ಬಡಿಸೋದು ಬೇಡ. ಮೊದಲು ಅವರಿಬ್ಬರೂ ಉಣ್ಲಿ, ನಾನು ಎದುರು ಕೂತು ನೋಡ್ತೀನಿ. ನೋಡಿ ಸ್ವಲ್ಪ ಹೊತ್ತು ಕಾಯ್ತೀನಿ. ಆಮೇಲೆ ನನ್ನ ಊಟ."

"ಅಪ್ಪ, ಏನಪ್ಪ ಇದು..." ಎಂದ ಮಗ.

"ನೀನು ಸುಮ್ನಿರು. ಆಸ್ಪತ್ರೇಲಿ ಕಟ್ಟಿಹಾಕಿದ್ದು ನನ್ನ ಕೈಯನ್ನ."

ತಮ್ಮ ತಟ್ಟೆಯನ್ನು ಅಂಗೈಯಿಂದ ಮುಂದಕ್ಕೆ ತಳ್ಳಿದರು. "ಬಾ, ಕೂತ್ಕೋ. ನೀನೂ ಬಾರಮ್ಮ."

"ರೀ, ಮಕ್ಕಳ ಮುಂದೆ..." ಎಂದರು ಅತ್ತೆ. ಮದುವೆಯಾಗಿ ಬಂದಂದಿನಿಂದ ಅವರು ಗಂಡನಿಗಿಂತ ಮೊದಲು ಒಂದು ತುತ್ತೂ ಉಂಡವರಲ್ಲ.

"ಕೂತ್ಕೋ."

ಅತ್ತೆ ಬಂದು ಕೂತರು. ಪಕ್ಕದಲ್ಲಿ ಸೊಸೆ ಕೂತಳು. ಚೆಲ್ಲಿದ ಉಪ್ಪು ಕಾಲಿಗೆ ಒತ್ತುತ್ತಿತ್ತು. ಒಂದೇ ತಟ್ಟೆಗೆ ಇಬ್ಬರ ಕೈಯೂ ಹೋಯಿತು. ಅತ್ತೆ ತುತ್ತು ಬಾಯಿಗಿಟ್ಟು ಅಗಿದರು, ಅಗಿಯುತ್ತಲೇ ಇದ್ದರು. ಮಾವ ತಟ್ಟೆ ನೋಡುತ್ತಿರಲಿಲ್ಲ, ಗಂಟಲು ನೋಡುತ್ತಿದ್ದರು.

"ನುಂಗು," ಎಂದರು.

ಅತ್ತೆ ನುಂಗಿದರು.

ಆಮೇಲೆ ಮಾವನ ಕಣ್ಣು ಸೊಸೆಯ ಕಡೆ ತಿರುಗಿತು.